ಗಂಜಿಯ ಗರಿ, ಮಡಿಯ ಬಿಗಿ

ಇಂಗ್ಲಿಷಿನಲ್ಲಿ 'ಸ್ಟಾರ್ಚಿ' ಎಂಬ ಗುಣವಾಚಕವೊಂದಿದೆ. ಆಲೂಗಡ್ಡೆ, ಮರಗೆಣಸು, ಅನ್ನ ಮೊದಲಾದ ಪಿಷ್ಟ ಹೆಚ್ಚಿರುವ ಆಹಾರದ ಮಾತು ಬಂದಾಗ ಅದಕ್ಕೆ ಒಂದು ಅರ್ಥ, ಗಂಜಿ ಹಾಕಿ ಒಣಗಿಸಿ ಇಸ್ತ್ರಿ ಮಾಡಿದ ಬಟ್ಟೆಯ ಮಾತು ಬಂದಾಗ ಇನ್ನೊಂದು ಅರ್ಥ, ಮಾತಿಗೆ ಮೊದಲೇ ಮುಖ ಬಿಗಿದುಕೊಂಡು ರೀತಿ ನೀತಿಯ ಗೆರೆ ದಾಟದೆ ಸೆಟೆದು ಕೂರುವ ಮನುಷ್ಯನ ಮಾತು ಬಂದಾಗ ಮೂರನೆಯ ಅರ್ಥ. ಮೂರನೆಯದೇ ಇಲ್ಲಿಯ ವಿಷಯ. ಬಟ್ಟೆಯ ಬಿರುಸನ್ನು ಮನುಷ್ಯನ ಸ್ವಭಾವಕ್ಕೆ ಏರಿಸಿ ಹೇಳುವ ಈ ರೂಢಿ ಇಂಗ್ಲಿಷಿನಲ್ಲಿ ಹೇಗೆ ಬಂದಿತು, ಊಟಕ್ಕೂ ಬಟ್ಟೆಗೂ ಒಂದೇ ಗಂಜಿಯನ್ನು ತಲೆಮಾರುಗಳಿಂದ ಬಳಸುತ್ತ ಬಂದ ಕನ್ನಡ ಕರಾವಳಿಯಲ್ಲಿ ಅದು ಏಕೆ ಬರಲಿಲ್ಲ, ಅದರ ಜಾಗದಲ್ಲಿ ಇಲ್ಲಿ ಯಾವ ಮಾತು ಹುಟ್ಟಿತು ಎಂಬುದನ್ನು ಬಿಡಿಸಿ ನೋಡಿದರೆ, ಎರಡು ಸಮಾಜಗಳು 'ಬಿಗಿ'ಯ ದೂರನ್ನು ಯಾವುದರ ಮೇಲೆ ಹೊರಿಸಿದವು ಎಂಬುದು ತಿಳಿಯುತ್ತದೆ. ಮಂಗಳೂರಿನ ಕುದ್ರೋಳಿ ಈ ವಿಚಾರಕ್ಕೆ ಹಲವು ಕಾರಣಗಳಿಂದ ತಕ್ಕ ನೆಲೆ.

ಪದದ ಮೂಲದಿಂದ ಆರಂಭಿಸುವುದು ಒಳ್ಳೆಯದು. 'ಸ್ಟಾರ್ಚ್' ಎಂದರೆ ಇಂದು ಪಿಷ್ಟವೆಂಬ ವಸ್ತು. ಆದರೆ ಹುಟ್ಟಿನಲ್ಲಿ ಅದು ವಸ್ತುವಿನ ಹೆಸರಲ್ಲ, 'ಬಿರುಸಾಗಿಸು, ಗಟ್ಟಿಯಾಗಿಸು' ಎಂಬ ಕ್ರಿಯೆಯ ಹೆಸರು. ಹಳೆಯ ಇಂಗ್ಲಿಷಿನ 'ಸ್ಟೆಯರ್ಕ್', ಅಂದರೆ ಬಿರುಸಾದ, ಬಲವಾದ ಎಂಬ ಗುಣವಾಚಕಕ್ಕೆ ಅದು ಹತ್ತಿರದ ನಂಟು. ಅದೇ ಗುಣವಾಚಕ ಇಂದಿನ ಇಂಗ್ಲಿಷಿನಲ್ಲಿ 'ಸ್ಟಾರ್ಕ್' ಆಗಿ ಉಳಿದಿದೆ. ಬಟ್ಟೆಯನ್ನು ಬಿರುಸಾಗಿಸಲು ಬಳಸುತ್ತಿದ್ದ ಹಿಟ್ಟಿನ ಅಂಟಿಗೆ ಈ ಕ್ರಿಯೆಯ ಹೆಸರು ಅಂಟಿಕೊಂಡದ್ದು 15ನೇ ಶತಮಾನದಲ್ಲಿ. ಆಹಾರದಲ್ಲಿರುವ ಪಿಷ್ಟಕ್ಕೆ ಆ ಹೆಸರು ಬಂದದ್ದು ಅದಕ್ಕೂ ಈಚೆಗೆ. ಹಾಗಾಗಿ ಇಂಗ್ಲಿಷಿನವನ ಬಾಯಲ್ಲಿ ಅನ್ನದೊಳಗಿನ ಸತ್ವಕ್ಕೂ ಬಟ್ಟೆಯ ಕಡೆಯಿಂದ ಬಂದ ಹೆಸರೇ ನಿಂತಿದೆ. ಮನುಷ್ಯನ ನಡವಳಿಕೆಗೆ 'ಗಂಜಿ ಹಾಕಿದ' ಎಂಬ ವಿಶೇಷಣವನ್ನು 17ನೇ ಶತಮಾನದ ಹೊತ್ತಿಗೆ ಬಳಸತೊಡಗಿದ್ದರು. 'ಸ್ಟಾರ್ಚಿ' ಎಂಬ ರೂಪ ಈ ಅರ್ಥದಲ್ಲಿ ನೆಲೆಯಾದದ್ದು 19ನೇ ಶತಮಾನದ ಆರಂಭದಲ್ಲಿ.

ಈ ಪದದ ಬಂಧುಬಳಗ ಇನ್ನೂ ವಿಸ್ತಾರವಾಗಿದೆ. 'ಬಿರುಸು, ಗಟ್ಟಿ' ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನಿಂದ, ಕಾಲುಗಳನ್ನು ಕೋಲಿನಂತೆ ಸೆಟೆದು ನಡೆಯುವ ಕೊಕ್ಕರೆ ಜಾತಿಯ ಹಕ್ಕಿಯ ಹೆಸರಾದ 'ಸ್ಟೋರ್ಕ್', ಕಣ್ಣು ಕದಲಿಸದೆ ನೋಡುವುದನ್ನು ಹೇಳುವ 'ಸ್ಟೇರ್', ಗ್ರೀಕಿನ ಮೂಲಕ ಬಂದ 'ಸ್ಟೀರಿಯೋ' ಇವೆಲ್ಲ ಹುಟ್ಟಿವೆ. ಎಲ್ಲಕ್ಕಿಂತ ಮನಸ್ಸನ್ನು ಹಿಡಿದು ನಿಲ್ಲಿಸುವ ನಂಟು 'ಸ್ಟಾರ್ವ್' ಎಂಬ ಕ್ರಿಯಾಪದದ್ದು. ಅದರ ಮೊದಲ ಅರ್ಥ ಸಾಯುವುದು, ಅಂದರೆ ದೇಹ ಸೆಟೆದುಹೋಗುವುದು. ಜರ್ಮನಿನ 'ಷ್ಟೆರ್ಬೆನ್' ಇಂದಿಗೂ ಆ ಅರ್ಥವನ್ನೇ ಉಳಿಸಿಕೊಂಡಿದೆ. ಇಂಗ್ಲಿಷಿನಲ್ಲಿ ಮಾತ್ರ ಅದು ಹಸಿವಿನಿಂದ ಸಾಯುವುದಕ್ಕೆ ಕುಗ್ಗಿತು. ಹೊಟ್ಟೆ ತುಂಬಿಸುವ ಪಿಷ್ಟದ ಹೆಸರೂ ಹೊಟ್ಟೆಗಿಲ್ಲದೆ ಸಾಯುವುದರ ಹೆಸರೂ ಇಂಗ್ಲಿಷಿನಲ್ಲಿ ಹೀಗೆ ಒಂದೇ ಬೇರಿನ ಚಿಗುರುಗಳು.

ಜರ್ಮನಿನಲ್ಲಿ 'ಷ್ಟೆರ್ಕ' ಎಂಬ ಒಂದೇ ಶಬ್ದಕ್ಕೆ ಬಲ ಎಂದೂ ಪಿಷ್ಟ ಎಂದೂ ಅರ್ಥ. ಮಂಗಳೂರಿನ ಮಟ್ಟಿಗೆ ಇದು ದೂರದ ಮಾತಲ್ಲ. 1834ರಲ್ಲಿ ಈ ಊರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರಲ್ಲಿ ಹೆಚ್ಚಿನವರ ಮನೆಮಾತು ಜರ್ಮನ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ತಂದ ಹೆರ್ಮನ್ ಮೊಗ್ಲಿಂಗ್, 1886ರ ತುಳು–ಇಂಗ್ಲಿಷ್ ನಿಘಂಟಿನ ಮೆನ್ನರ್, 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಎಲ್ಲರೂ ಜರ್ಮನ್ ಭಾಷಿಕರು. ಗಂಜಿ ಎಂಬ ಕನ್ನಡ ಶಬ್ದವನ್ನು ಇಂಗ್ಲಿಷಿನಲ್ಲಿ ವಿವರಿಸಲು ಕೂತವರ ಹುಟ್ಟುಭಾಷೆಯಲ್ಲಿ ಅದಕ್ಕೆ ಸಮನಾದ ಶಬ್ದವೇ ಬಲಕ್ಕೂ ಹೆಸರಾಗಿತ್ತು.

ಶಾಲೆಯ ಪಠ್ಯಪುಸ್ತಕದ ಕನ್ನಡದಲ್ಲಿ ಈ ವಸ್ತುವನ್ನು 'ಪಿಷ್ಟ' ಎನ್ನುತ್ತಾರೆ. ಅದು ಸಂಸ್ಕೃತದ ಶಬ್ದ, ಅರ್ಥ 'ಅರೆದದ್ದು, ಪುಡಿಮಾಡಿದ್ದು'. ಗ್ರೀಕರು ಇದೇ ವಸ್ತುವನ್ನು 'ಅಮುಲೋನ್' ಎಂದರು. ಅದರ ಅರ್ಥ 'ಬೀಸುಗಲ್ಲಿಗೆ ಹಾಕದ್ದು'. ಅವರು ಗೋಧಿಯನ್ನು ಬೀಸದೆ, ನೀರಿನಲ್ಲಿ ನೆನೆಸಿ ಕಿವುಚಿ ತಳಕ್ಕಿಳಿದ ಬಿಳಿಯ ಗಸಿಯನ್ನು ಒಣಗಿಸಿ ಇದನ್ನು ಪಡೆಯುತ್ತಿದ್ದರು. ಬೀಸದ್ದು ಎಂದು ಒಬ್ಬರೂ ಅರೆದದ್ದು ಎಂದು ಮತ್ತೊಬ್ಬರೂ ಕರೆದರು. ಇಬ್ಬರ ಹೆಸರಿನಲ್ಲೂ ಅಡುಗೆಮನೆಯ ಕೈಕೆಲಸವಿದೆ, ಬಿರುಸಿನ ಸುಳಿವಿಲ್ಲ. ಬಿರುಸನ್ನು ಹೆಸರಿನಲ್ಲಿ ಹೊತ್ತದ್ದು ಜರ್ಮನ್ ಮತ್ತು ಇಂಗ್ಲಿಷ್ ಶಬ್ದಗಳು.

ಬಟ್ಟೆಯ ಬಿರುಸು ಮನುಷ್ಯನ ಬಿರುಸಾಗಿ ಬದಲಾದ ಕಥೆ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನದು. ಆಗ ಶ್ರೀಮಂತರು ಕತ್ತಿನ ಸುತ್ತ ನೆರಿಗೆ ನೆರಿಗೆಯಾದ ಅಗಲವಾದ ಬಿಳಿಯ ಪಟ್ಟಿಯೊಂದನ್ನು ಕಟ್ಟಿಕೊಳ್ಳುತ್ತಿದ್ದರು. 'ರಫ್' ಎಂದು ಕರೆಯುತ್ತಿದ್ದ ಆ ಪಟ್ಟಿ ತಟ್ಟೆಯಂತೆ ಸೆಟೆದು ನಿಲ್ಲಬೇಕಾದರೆ ಅದಕ್ಕೆ ಗಟ್ಟಿಯಾದ ಗಂಜಿ ಬೇಕು. 1564ರಲ್ಲಿ ನೆದರ್ಲೆಂಡ್ಸ್ ಸೀಮೆಯಿಂದ ಲಂಡನ್ನಿಗೆ ಬಂದ ಡಿಂಗೆನ್ ವಾನ್ ಡೆರ್ ಪ್ಲಾಸ್ಸೆ ಎಂಬ ಹೆಣ್ಣುಮಗಳು ಗಂಜಿ ಹಾಕುವ ವಿದ್ಯೆಯನ್ನು ನಾಲ್ಕೈದು ಪೌಂಡ್ ಶುಲ್ಕಕ್ಕೆ ಹೇಳಿಕೊಡುತ್ತಿದ್ದಳೆಂದು ಲಂಡನ್ನಿನ ಹಳೆಯ ವೃತ್ತಾಂತಗಳು ಹೇಳುತ್ತವೆ; ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಮತನಿಷ್ಠ ಬರಹಗಾರ ಗಂಜಿಯನ್ನು ಸೈತಾನನ ದ್ರವವೆಂದೇ ಹಳಿದ. ಕತ್ತನ್ನು ಆ ಕಡೆ ಈ ಕಡೆ ತಿರುಗಿಸಲಾಗದೆ, ಊಟದ ಚಮಚವನ್ನು ಬಾಯಿಗೆ ತರುವುದಕ್ಕೂ ಹೆಣಗುತ್ತ ಕೂತ ದೊಡ್ಡ ಮನುಷ್ಯರನ್ನು ಎದುರಿನಿಂದ ನೋಡಿದವರ ಕಣ್ಣಲ್ಲಿ ಪಟ್ಟಿಯ ಬಿಗಿಯೂ ಪಟ್ಟಿ ತೊಟ್ಟವರ ಬಿಗಿಯೂ ಒಂದಾದದ್ದು ಸಹಜವೇ ಆಗಿದೆ.

ಇದರ ಹಿಂದೆ ಕಟುವಾದ ಇನ್ನೊಂದು ಸಂಗತಿಯಿತ್ತು. ಆ ಗಂಜಿ ಬರುತ್ತಿದ್ದುದು ಗೋಧಿಯಿಂದ. 1590ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ವರ್ಷದ ಮೇಲೆ ವರ್ಷ ಬೆಳೆ ಕೆಟ್ಟು, ಬಡವರಿಗೆ ರೊಟ್ಟಿ ಸಿಗದಂತಾದಾಗ, ಉಣ್ಣುವ ಧಾನ್ಯವನ್ನು ಕತ್ತಿನ ಪಟ್ಟಿಗಾಗಿ ಹಾಳುಮಾಡಕೂಡದೆಂದು ಸರಕಾರವೇ ಗಂಜಿ ತಯಾರಿಕೆಗೆ ಕಡಿವಾಣ ಹಾಕಿತು. ಗಂಜಿ ಮಾಡುವ ಹಕ್ಕನ್ನು ಕೆಲವರಿಗಷ್ಟೇ ಕೊಟ್ಟದ್ದು ಪಾರ್ಲಿಮೆಂಟಿನಲ್ಲಿ ಜಗಳಕ್ಕೂ ಕಾರಣವಾಯಿತು. ಭಾಷೆಯಲ್ಲಿ ಅಕ್ಕತಂಗಿಯರಾಗಿದ್ದ 'ಸ್ಟಾರ್ಚ್' ಮತ್ತು 'ಸ್ಟಾರ್ವ್' ಆ ದಶಕದಲ್ಲಿ ಬೀದಿಯಲ್ಲೂ ಎದುರುಬದುರು ನಿಂತವು. ಗಂಜಿ ಹಾಕಿದವನೆಂದರೆ ಇನ್ನೊಬ್ಬನ ಅನ್ನವನ್ನು ಕತ್ತಿಗೆ ಸುತ್ತಿಕೊಂಡವನು ಎಂಬ ನೆನಪು ಆ ಬೈಗುಳದ ಆಳದಲ್ಲಿ ಎಲ್ಲೋ ಉಳಿದಿರಬೇಕು.

ಇನ್ನು ಕರಾವಳಿಯ ಗಂಜಿಯ ಕಡೆಗೆ ಬರಬಹುದು. ಕನ್ನಡದ ಗಂಜಿ, ತಮಿಳು ಮಲಯಾಳಗಳ ಕಂಜಿ ಒಂದೇ ದ್ರಾವಿಡ ಶಬ್ದದ ರೂಪಗಳು. ಪೋರ್ಚುಗೀಸರು ಪಶ್ಚಿಮ ಕರಾವಳಿಯಲ್ಲಿ ಇದನ್ನು ಕಲಿತು 'ಕಾಂಜ' ಎಂದು ತಮ್ಮ ನಾಡಿಗೆ ಒಯ್ದರು. ಇಂದು ಪೋರ್ಚುಗಲ್ಲಿನಲ್ಲೂ ಬ್ರೆಜಿಲಿನಲ್ಲೂ ಕೋಳಿಮಾಂಸ ಮತ್ತು ಅಕ್ಕಿಯ ಸಾರಿಗೆ ಅದೇ ಹೆಸರು. ಇಂಗ್ಲಿಷಿನಲ್ಲಿ ಅದು 'ಕಾಂಜೀ' ಆಯಿತು. 1886ರಲ್ಲಿ ಪ್ರಕಟವಾದ 'ಹಾಬ್ಸನ್–ಜಾಬ್ಸನ್' ಎಂಬ ಆಂಗ್ಲೋ–ಇಂಡಿಯನ್ ಶಬ್ದಕೋಶದಲ್ಲಿ ಈ ಶಬ್ದಕ್ಕೆ ಅಕ್ಕಿ ಬೇಯಿಸಿದ ನೀರು ಎಂಬ ಅರ್ಥದ ಜೊತೆಗೆ, ಈ ದೇಶದ ಅಗಸರು ಬಟ್ಟೆಗೆ ಬಳಸುವ ಪಿಷ್ಟವೂ ಅದೇ ಎಂಬ ಮಾತು ದಾಖಲಾಗಿದೆ. ಪಲ್ಟಣದ ಸಿಪಾಯಿಗಳನ್ನು ಶಿಕ್ಷೆಗಾಗಿ ಕೂಡಿಹಾಕುತ್ತಿದ್ದ ಕೋಣೆಗೆ 'ಗಂಜಿಮನೆ' ಎಂಬ ಹೆಸರಿದ್ದುದೂ ಅಲ್ಲಿಯೇ ಸಿಗುತ್ತದೆ. ಈ ಕೋಶವನ್ನು ಹೆನ್ರಿ ಯೂಲ್ ಜೊತೆಗೂಡಿ ಕಟ್ಟಿದ ಆರ್ಥರ್ ಬರ್ನೆಲ್ ಮಂಗಳೂರಿಗೆ ಹೊರಗಿನವನಲ್ಲ. ಇಲ್ಲಿ ನ್ಯಾಯಾಧೀಶನಾಗಿದ್ದು, ತುಳುನಾಡಿನ ಭೂತಾರಾಧನೆಯ ಪಾಠಗಳನ್ನು ಸಂಗ್ರಹಿಸಿ, ದಕ್ಷಿಣ ಭಾರತದ ಪ್ರಾಚೀನ ಲಿಪಿಗಳ ಕುರಿತ ತನ್ನ ಹೆಸರಾಂತ ಗ್ರಂಥವನ್ನು 1874ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದವನು ಆತ. ಕೋಶ ಹೊರಬರುವ ಮುನ್ನವೇ, 1882ರಲ್ಲಿ, ತೀರಿಕೊಂಡ.

ಮಂಗಳೂರಿನ ಮನೆಗಳಲ್ಲಿ ಗಂಜಿ ಎಂಬ ಒಂದು ಹೆಸರಿನೊಳಗೆ ಎರಡು ಪದಾರ್ಥಗಳಿವೆ. ಅಗುಳೂ ನೀರೂ ಕೂಡಿದ್ದು ಊಟದ ಗಂಜಿ. ಅನ್ನ ಬಸಿದಾಗ ಇಳಿಯುವ ನೀರು ತೆಳಿ. ಕನ್ನಡದ 'ತಿಳಿ'ಯ, ಅಂದರೆ ಕದಡದೆ ಸ್ವಚ್ಛವಾಗಿರುವುದರ, ಕರಾವಳಿ ರೂಪವೇ ಈ ತೆಳಿ. ಬಟ್ಟೆಗೆ ಹೋಗುವುದು ಇದೇ. ಊಟಕ್ಕೆ ಬಳಸುವ ಕೆಂಪು ಕುಚ್ಚಲಕ್ಕಿಯ ತೆಳಿಯಲ್ಲಿ ಬಣ್ಣವಿರುವುದರಿಂದ ಬಿಳಿಯ ಬಟ್ಟೆಗೆ ಅದು ಆಗದು. ಬೆಳ್ತಿಗೆ ಅಕ್ಕಿಯ ತೆಳಿಯನ್ನೋ, ಸಾಬಕ್ಕಿಯನ್ನೋ, ಹಸುಗೂಸುಗಳಿಗೆ ಕಾಯಿಸಿ ಕೊಡುವ ಕೂವೆಹುಡಿಯನ್ನೋ ಕುದಿಸಿ ಬಳಸುವುದು ವಾಡಿಕೆ. ಬಿಸಿ ತೆಳಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಒಂದು ಅಗುಳೂ ಉಳಿಯದಂತೆ ನೋಡಿಕೊಳ್ಳಬೇಕು, ಏಕೆಂದರೆ ಉಳಿದ ಅಗುಳು ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿ ಕಂದು ಕಲೆಯಾಗುತ್ತದೆ. ಆಮೇಲೆ ತಣ್ಣೀರು ಬೆರೆಸಿ, ಬಿಳಿಯ ಪಂಚೆಯಾದರೆ ಒಂದೆರಡು ತೊಟ್ಟು ನೀಲಿ ಬಿಟ್ಟು, ಹಿಂಡಿದ ಒದ್ದೆ ಬಟ್ಟೆಯನ್ನು ಅದರಲ್ಲಿ ಅದ್ದಿ, ಎಲ್ಲ ಕಡೆಗೂ ಸಮನಾಗಿ ಹಿಡಿಯುವಂತೆ ಕಿವುಚಿ, ಎರಡು ಕೈಗಳಿಂದ ಚುಂಗು ಹಿಡಿದು ಒಮ್ಮೆ ಬಲವಾಗಿ ಝಾಡಿಸಿ ಬಿಸಿಲಿಗೆ ಹಾಕುತ್ತಾರೆ. ಒಣಗಿದ ಪಂಚೆ ಹಪ್ಪಳದಂತಾಗಿರುತ್ತದೆ. ಅದಕ್ಕೆ ನೀರು ಚಿಮುಕಿಸಿ, ಸುರುಳಿ ಸುತ್ತಿಟ್ಟು, ತುಸು ಮೆತ್ತಗಾದ ಮೇಲೆಯೇ ಇಸ್ತ್ರಿ.

ಈ ಬಿರುಸು ಬರುವುದು ಹೇಗೆಂಬುದರಲ್ಲಿ ಒಂದು ಚೆಂದವಿದೆ. ಹತ್ತಿಯ ನೂಲು ಸೆಲ್ಯುಲೋಸಿನದು, ಗಂಜಿ ಪಿಷ್ಟದ್ದು. ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಕಣಗಳನ್ನು ಬೇರೆಬೇರೆ ಬಗೆಯಲ್ಲಿ ಪೋಣಿಸಿದ ಸರಗಳು. ಅಕ್ಕಿಯ ಪಿಷ್ಟದ ಹರಳುಗಳು ಬಹಳ ಸಣ್ಣವು, ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರರಿಂದ ಎಂಟು ಪಾಲಿನಷ್ಟು. ನೀರು ಸುಮಾರು 70 ಡಿಗ್ರಿ ಸೆಲ್ಸಿಯಸ್ ಕಾಯುವ ಹೊತ್ತಿಗೆ ಅವು ನೀರು ಕುಡಿದು ಉಬ್ಬಿ ಒಡೆದು, ಒಳಗಿನ ಸರಗಳು ಹೊರಗೆ ಹರಡಿಕೊಳ್ಳುತ್ತವೆ. ಬಟ್ಟೆ ಒಣಗುವಾಗ ನೀರು ಹೊರಟುಹೋಗಿ, ಆ ಸರಗಳು ತಮ್ಮ ಬಂಧುವಾದ ಹತ್ತಿಯ ಎಳೆಗಳನ್ನು ಅಪ್ಪಿ ಹಿಡಿದು ತೆಳುವಾದ ಪೊರೆಯಾಗುತ್ತವೆ. ಎಳೆ ಎಳೆಯ ನಡುವಿನ ಸಂದು ತುಂಬಿ ಬಟ್ಟೆ ಹಾಳೆಯಂತೆ ನಿಲ್ಲುತ್ತದೆ. ಮತ್ತೆ ನೀರು ತಾಗಿದರೆ ಅಪ್ಪುಗೆ ಸಡಿಲುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನಲ್ಲಿ ಜೂನ್ ತಿಂಗಳಿನಿಂದ ಗಾಳಿಯೇ ಒದ್ದೆಯಾಗಿರುತ್ತದೆ. ಆಗ ಬೆಳಗ್ಗೆ ಗರಿಗಟ್ಟಿದ ಅಂಗಿ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ, ಗಂಜಿ ಹಾಕಿ ಪೆಟ್ಟಿಗೆಯಲ್ಲಿಟ್ಟ ಸೀರೆಗೆ ಬೂಷ್ಟು ಹಿಡಿಯುತ್ತದೆ, ಪಿಷ್ಟವನ್ನೇ ಆಹಾರವಾಗಿ ತಿನ್ನುವ ಬೆಳ್ಳಿಹುಳಗಳು ಸೇರಿಕೊಳ್ಳುತ್ತವೆ. ಮಳೆಗಾಲಕ್ಕೆ ಮುನ್ನ ಒಳ್ಳೆಯ ಬಟ್ಟೆಗಳನ್ನು ಗಂಜಿ ತೊಳೆದು ತೆಗೆದಿಡುವ ಜಾಣ್ಮೆ ಇಲ್ಲಿಯ ಹೆಂಗಸರಿಗೆ ಈ ಅನುಭವದಿಂದಲೇ ಬಂದದ್ದು.

ನೇಕಾರರ ಗಂಜಿಯ ಕೆಲಸ ಇದಕ್ಕಿಂತ ಮೂಲಭೂತವಾದದ್ದು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ನೂಲು ಹಣಿಗೆಯ ಹಲ್ಲುಗಳ ನಡುವೆ ಸಾವಿರಾರು ಸಲ ಉಜ್ಜಿಕೊಳ್ಳುವುದರಿಂದ, ಗಂಜಿಯ ಪೊರೆಯಿಲ್ಲದಿದ್ದರೆ ಎಳೆಗಳು ಸವೆದು ಕಡಿದುಹೋಗುತ್ತವೆ. ಶೆಟ್ಟಿಗಾರರ ಕೈಮಗ್ಗಗಳಲ್ಲಿಯೂ, 1851ರಲ್ಲಿ ಯೂರೋಪಿನಿಂದ ಬಂದ ಜಾನ್ ಹಾಲರ್ ಎಂಬ ನುರಿತ ನೇಕಾರ ಮಂಗಳೂರಿನಲ್ಲಿ ಬೆಳೆಸಿದ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿಯೂ ಈ ನಿಯಮ ಒಂದೇ. ಹಾಲರ್ ಇಲ್ಲಿ ರೂಪಿಸಿದ ಖಾಕಿ ಬಣ್ಣದಿಂದ ಮಂಗಳೂರಿನ ಬಟ್ಟೆ ಹೆಸರು ಗಳಿಸಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಮುಂದೆ ಅಧಿಕಾರದ ಬಿಗಿಗೆ ಗುರುತಾದರೂ, ಕನ್ನಡದ ಜನ ಅದನ್ನು ಖಾಕಿ ಎಂದೇ ಕರೆದರು, ಗಂಜಿಯ ಹೆಸರು ಹಿಡಿದು ದೂರಲಿಲ್ಲ.

ಗಂಜಿ ಹಾಕಿದ ಬಟ್ಟೆಗೆ ಕನ್ನಡ ಕೊಟ್ಟ ವಿಶೇಷಣ 'ಗರಿಗರಿ'. ಅದು ಕಿವಿಯಿಂದ ಹುಟ್ಟಿದ ಶಬ್ದ. ಹೊಸ ಪಂಚೆಯನ್ನು ಬಿಚ್ಚುವಾಗ, ಅಂಚು ಕೆಂಪಗೆ ಬೆಂದ ದೋಸೆಯನ್ನು ಮುರಿಯುವಾಗ, ಬ್ಯಾಂಕಿನಿಂದ ತಂದ ಹೊಸ ನೋಟನ್ನು ಎಣಿಸುವಾಗ ಕೇಳುವ ಸದ್ದು ಅದರಲ್ಲಿದೆ. ಮೂರೂ ಸಂತೋಷದ ಸಂದರ್ಭಗಳೇ. ಗರಿಗರಿಯಾದ ಬಟ್ಟೆ ತೊಟ್ಟು ಬಂದವನೆಂದರೆ ಬಿಗುಮಾನದವನೆಂದಲ್ಲ, ಮದುವೆಗೋ ಜಾತ್ರೆಗೋ ಹೊರಟವನು, ಎದುರಿನವರ ಮರ್ಯಾದೆಗೆ ತಕ್ಕಂತೆ ತನ್ನನ್ನು ಸಿದ್ಧಮಾಡಿಕೊಂಡವನು ಎಂದೇ ಅರ್ಥ. ಇಂಗ್ಲಿಷಿನಲ್ಲಿ ದೂರಾದದ್ದು ಕನ್ನಡದಲ್ಲಿ ಉಪಚಾರವಾಗಿದೆ.

ಮಂಗಳೂರಿನ ಕನ್ನಡವನ್ನು ಅರ್ಥಮಾಡಿಕೊಳ್ಳುವುದಕ್ಕೂ ಇದು ನೆರವಾಗುತ್ತದೆ. ಈ ಊರಿನ ಜನರ ಆಡುಮಾತಿಗೆ 'ಪುಸ್ತಕದ ಕನ್ನಡ' ಎಂಬ ಹೆಸರು ಕರ್ನಾಟಕದಲ್ಲೆಲ್ಲ ಇದೆ. ಇಂಗ್ಲಿಷಿನವನು ಕೇಳಿದ್ದರೆ ಅದನ್ನು 'ಸ್ಟಾರ್ಚಿ' ಎಂದಾನು. ಕುದ್ರೋಳಿ, ಬಂದರು, ಅಳಕೆಯ ಸುತ್ತಿನಲ್ಲಿ ಮನೆಯೊಳಗೆ ಆಡುವುದು ತುಳು, ಕೊಂಕಣಿ, ಬ್ಯಾರಿ ಭಾಷೆ ಅಥವಾ ಮಲಯಾಳ. ಬಹಳ ಮಂದಿಗೆ ಕನ್ನಡ ಬಂದದ್ದು ಶಾಲೆಯ ಪಾಠದಿಂದ, ಪತ್ರಿಕೆಯಿಂದ, ಯಕ್ಷಗಾನದ ಅರ್ಥಗಾರಿಕೆಯಿಂದ. ಆದ್ದರಿಂದ ಮೈಸೂರಿನವರು 'ಬರ್ತೀನಿ' ಎನ್ನುವಲ್ಲಿ ಇವರು 'ಬರುತ್ತೇನೆ' ಎನ್ನುತ್ತಾರೆ, ಕ್ರಿಯಾಪದದ ಕೊನೆಯನ್ನು ನುಂಗುವುದಿಲ್ಲ, 'ಹೇಳಲಿಕ್ಕುಂಟು', 'ಹೋಗಲಿಕ್ಕಿಲ್ಲ' ಎಂದು ಒಂದೊಂದು ಅಕ್ಷರವನ್ನೂ ನಿಲ್ಲಿಸಿ ನುಡಿಯುತ್ತಾರೆ. ಹೊರಗಿನವರು ಇದನ್ನು ಕೇಳಿ ನಗುವುದುಂಟು. ಆದರೆ ಮನೆಯಲ್ಲಿ ಉಡುವ ಮೆತ್ತನೆಯ ಬಟ್ಟೆ ಒಂದು, ಹೊರಗೆ ಹೊರಡುವಾಗ ಉಡುವ ಗಂಜಿ ಹಾಕಿದ ಬಟ್ಟೆ ಒಂದು ಇರುವಂತೆ, ನಾಲ್ಕು ಭಾಷೆಗಳ ಬೀದಿಯಲ್ಲಿ ಎಲ್ಲರೂ ಕೂಡುವ ಜಾಗದ ಮಾತು ಇದು. ಇಲ್ಲಿ ಮೀನು ಮಾರುವವರೂ ರಿಕ್ಷಾ ಓಡಿಸುವವರೂ ಪರಸ್ಥಳದವರೊಡನೆ ಇದೇ ಕನ್ನಡವನ್ನು ಆಡುತ್ತಾರೆ. ಅದರ ಗರಿ ಗೌರವದ್ದೇ ಹೊರತು ದೂರ ಇಡುವುದರದ್ದಲ್ಲ.

ಹಾಗಾದರೆ ಮನುಷ್ಯನ ಬಿಗಿಗೆ ಕನ್ನಡದಲ್ಲಿ ಮಾತಿಲ್ಲವೆಂದಲ್ಲ. ಸೆಟೆ, ಪೆಡಸು, ಗಡಸು, ಬಿರುಸು, ಬಿಗುಮಾನ, ಮರಗಟ್ಟಿದ, ಕೊರಡಿನಂಥ ಎಂದು ಬೇಕಾದಷ್ಟಿವೆ. ಇವುಗಳಲ್ಲಿ ಕೆಲವು ದೇಹದಿಂದ ಬಂದವು, ಕೆಲವು ಒಣಗಿದ ಮರದಿಂದ ಬಂದವು. ಗಂಜಿಯಿಂದ ಮಾತ್ರ ಒಂದೂ ಬಂದಿಲ್ಲ. ಗಂಜಿ ಎಂದೊಡನೆ ಕನ್ನಡದಲ್ಲಿ ಏಳುವ ನೆನಪು ಬಟ್ಟೆಯದ್ದಲ್ಲ, ಹೊಟ್ಟೆಯದ್ದು. ಕಡುಬಡತನವನ್ನು 'ಗಂಜಿಗೂ ಗತಿಯಿಲ್ಲ' ಎಂದು ಅಳೆಯುತ್ತಾರೆ. ಜ್ವರ ಬಂದವನಿಗೆ ಮೊದಲ ಪಥ್ಯ ಗಂಜಿ. ಬರಗಾಲದಲ್ಲಿ ಸರಕಾರ ತೆರೆಯುತ್ತಿದ್ದ ಆಸರೆಗೆ 'ಗಂಜಿ ಕೇಂದ್ರ' ಎಂದೇ ಹೆಸರಿತ್ತು, ನೆರೆ ಬಂದಾಗ ತೆರೆಯುವ ಶಿಬಿರಗಳಿಗೂ ಪತ್ರಿಕೆಗಳು ಅದೇ ಹೆಸರನ್ನು ಬಳಸಿದ್ದುಂಟು. ಹಸಿದವನ ಬಟ್ಟಲಿನ ಹೆಸರನ್ನು ದರ್ಪದ ಹೆಸರಾಗಿಸಲು ಈ ನಾಡಿನ ಬಾಯಿ ಒಪ್ಪಲಿಲ್ಲ. ಬಟ್ಟೆಗೆ ಹೆಚ್ಚಾಗಿ ಹೋಗುತ್ತಿದ್ದುದು ಉಣ್ಣುವವರ ಪಾಲಿನ ಧಾನ್ಯವಲ್ಲ, ಅನ್ನ ಬಸಿದ ಮೇಲೆ ಉಳಿದ ನೀರು ಎಂಬುದೂ ಇದಕ್ಕೆ ಒಂದು ಕಾರಣವಿರಬೇಕು.

ಆದರೆ ಬಟ್ಟೆಯಿಂದ ಮನುಷ್ಯನ ಬಿಗಿಗೆ ಸಾಗಿದ ದಾರಿಯೊಂದು ಕನ್ನಡದಲ್ಲೂ ಇದೆ, ಅದು 'ಮಡಿ'ಯ ದಾರಿ. ಮಡಿ ಎಂದರೆ ಮೊದಲಿಗೆ ಒಗೆದು ಶುಚಿಮಾಡಿದ ಬಟ್ಟೆ. ಒಗೆಯುವವರು ಮಡಿವಾಳರಾದದ್ದು ಅದರಿಂದ. 12ನೇ ಶತಮಾನದ ಶರಣ ಮಡಿವಾಳ ಮಾಚಯ್ಯನ ಹೆಸರಿನಲ್ಲಿ ಆ ಕಾಯಕ ಇಂದಿಗೂ ಗೌರವದಿಂದ ನಿಂತಿದೆ, ತುಳುನಾಡಿನ ಭೂತಕೋಲಗಳಲ್ಲಿ ಬಿಳಿಯ ಬಟ್ಟೆಯನ್ನೂ ದೀವಟಿಗೆಯನ್ನೂ ಒದಗಿಸುವ ಹಕ್ಕು ಮಡಿವಾಳರದ್ದೇ. ಕಾಲಕ್ರಮದಲ್ಲಿ ಮಡಿ ಬಟ್ಟೆಯ ಶುಚಿಯನ್ನು ದಾಟಿ ಮೈಯ ಶುಚಿಯಾಯಿತು, ಮುಟ್ಟಬಾರದ ಸ್ಥಿತಿಯಾಯಿತು. ಮಡಿಬಟ್ಟೆಯನ್ನು ಯಾರ ಕೈಗೂ ಎಟುಕದ ಗಳುವಿನ ಮೇಲೆ ಒಣಹಾಕಲು ಮಡಿಕೋಲು ಎಂಬ ಉದ್ದನೆಯ ಕೋಲೇ ಬಂದಿತು; ಒಗೆಯದಿದ್ದರೂ ಪಟ್ಟೆ ಮತ್ತು ಧಾವಳಿ ಮಡಿಗೆ ಸಲ್ಲುವವೆಂದೂ, ಮಡಿವಾಳರು ಒಗೆದು ತಂದ ಬಟ್ಟೆಯನ್ನು ಮತ್ತೆ ನೀರಿಗದ್ದದೆ ಮಡಿಗೆ ಉಡಬಾರದೆಂದೂ ಕಟ್ಟಳೆಗಳು ಬೆಳೆದವು. ಬೇಯಿಸಿದ ಅನ್ನ ಮುಸುರೆಯೆನಿಸಿದ್ದರಿಂದ ಅನ್ನದ ಗಂಜಿ ಹಾಕಿದ ಬಟ್ಟೆಯೂ ಕಟ್ಟುನಿಟ್ಟಿನ ಮನೆಗಳಲ್ಲಿ ಮಡಿಗೆ ಆಗುತ್ತಿರಲಿಲ್ಲ. ಈ ಒಂದು ಕಟ್ಟಳೆಯನ್ನು ಗಮನವಿಟ್ಟು ನೋಡಬೇಕು: ಇಂಗ್ಲಿಷಿನಲ್ಲಿ ಬಿಗಿಯ ಹೆಸರಾದ ಗಂಜಿ ಇಲ್ಲಿ ಬಿಗಿಯ ಮನೆಯಿಂದ ಹೊರಗುಳಿಯಿತು.

ಇದರಿಂದ ಹುಟ್ಟಿದ ಗುಣವಾಚಕ 'ಮಡಿವಂತ'. ಮೊದಲಿಗೆ ಆಚಾರನಿಷ್ಠನೆಂಬ ಮೆಚ್ಚುಗೆಯಿದ್ದ ಈ ಶಬ್ದ ಹೊಸಗನ್ನಡದಲ್ಲಿ ಅರ್ಥವನ್ನು ತಿರುಗಿಸಿಕೊಂಡು, ಹೊಸದನ್ನು ಮುಟ್ಟಲು ಹೇಸುವ, ಬೇರೆಯವರು ಸೋಂಕಿದರೆ ಕೆಟ್ಟೇನೆಂದು ದೂರ ಸರಿಯುವ ಮನಸ್ಸಿನ ಹೆಸರಾಯಿತು. ಸಾಹಿತ್ಯದಲ್ಲಿ ಬೈಗುಳ ಬರಬಾರದೆನ್ನುವುದು ಮಡಿವಂತಿಕೆ, ಕನ್ನಡದಲ್ಲಿ ಬಸ್ಸು ಟಿಕೆಟ್ಟು ಎನ್ನಬಾರದೆಂದು ಹಠ ಹಿಡಿಯುವುದೂ ಭಾಷೆಯ ಮಡಿವಂತಿಕೆ. 'ಸ್ಟಾರ್ಚಿ' ಎಂಬುದಕ್ಕೆ ಕನ್ನಡದಲ್ಲಿ ಒಂದೇ ಮಾತು ಹೇಳಬೇಕಾದರೆ, ಸಂದರ್ಭ ನೋಡಿ, ಇದನ್ನೇ ಹೇಳಬೇಕು. ಒಗೆದ ಬಟ್ಟೆಯಿಂದ ಹೊರಟು ಮನುಷ್ಯನ ನಡವಳಿಕೆಗೆ ಮುಟ್ಟಿದ ದಾರಿ ಎರಡಕ್ಕೂ ಒಂದೇ. ವ್ಯತ್ಯಾಸವೆಂದರೆ ಇಂಗ್ಲಿಷಿನ ಶಬ್ದದಲ್ಲಿರುವುದು ಬಾಗಲಾಗದ ತೊಡಕು, ಕನ್ನಡದ ಶಬ್ದದಲ್ಲಿರುವುದು ಮುಟ್ಟಗೊಡದ ದೂರ. ಎರಡನೆಯದು ಹೆಚ್ಚು ನೋಯಿಸುವಂಥದು, ಏಕೆಂದರೆ ಅದಕ್ಕೆ ಯಾವಾಗಲೂ ಇನ್ನೊಬ್ಬ ಮನುಷ್ಯ ಬೇಕು, ದೂರ ನಿಲ್ಲಿಸಲ್ಪಟ್ಟವನು.

ಕುದ್ರೋಳಿಯ ಚರಿತ್ರೆ ಈ ಶಬ್ದದ ಚರಿತ್ರೆಯೂ ಹೌದು. 20ನೇ ಶತಮಾನದ ಆರಂಭದಲ್ಲಿ ಬಿಲ್ಲವರೂ ಅವರಂತೆಯೇ ಕೆಳಗೆ ನಿಲ್ಲಿಸಲ್ಪಟ್ಟ ಇತರರೂ ಕರಾವಳಿಯ ದೇವಾಲಯಗಳ ಒಳಗೆ ಕಾಲಿಡುವಂತಿರಲಿಲ್ಲ. ಬಿಲ್ಲವ ಸಮಾಜದ ಮುಂದಾಳು ಕೊರಗಪ್ಪನವರು ಮತ್ತು ಅವರ ಸಂಗಡಿಗರು ಕೇರಳದಿಂದ ನಾರಾಯಣ ಗುರುಗಳನ್ನು ಕರೆತಂದರು. 1912ರಲ್ಲಿ ಕುದ್ರೋಳಿಯಲ್ಲಿ ಗುರುಗಳ ಕೈಯಿಂದ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಮಡಿಯ ಹೆಸರಿನಲ್ಲಿ ಹೊರಗೆ ನಿಂತವರು ಜಗಳಕ್ಕೆ ಹೋಗದೆ ತಮ್ಮದೇ ಗರ್ಭಗುಡಿಯನ್ನು ಎತ್ತಿ ನಿಲ್ಲಿಸಿದರು. ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ ಪುನರ್ನಿರ್ಮಾಣಗೊಂಡ ಇಂದಿನ ಭವ್ಯ ದೇವಾಲಯ 1991ರದು. ಹೀಗೆ ಹೊರಗಿನವರನ್ನು ದೂರವಿಟ್ಟ ಮಡಿ ತನ್ನ ಮನೆಯೊಳಗೇ ಅತಿ ಕ್ರೂರವಾಗಿ ಕಟ್ಟಿಹಾಕಿದ್ದು ಗಂಡ ಸತ್ತ ಹೆಂಗಸನ್ನು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಮೂಲೆಯಲ್ಲಿ ಕೂರಿಸಿದವಳ ಹೆಸರೇ 'ಮಡಿ ಹೆಂಗಸು'. ಮಂಗಳ ಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಆಕೆಯನ್ನು ತಡೆಯುತ್ತಿದ್ದ ನಾಡಿನಲ್ಲಿ, 2013ರಲ್ಲಿ, ಕುದ್ರೋಳಿಯ ಈ ದೇವಾಲಯ ಇಬ್ಬರು ವಿಧವೆಯರಿಗೆ ಅರ್ಚಕರಾಗಿ ಪೂಜೆ ಮಾಡುವ ಅಧಿಕಾರ ಕೊಟ್ಟಿತು. ಶತಮಾನಗಳ ಬಿಗಿ ಒಂದು ದಿನದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಆದರೂ ಮಂಗಳಾರತಿಯ ತಟ್ಟೆ ಆ ಕೈಗಳಿಗೆ ಬಂದದ್ದು ಸಣ್ಣ ಸಂಗತಿಯಲ್ಲ.

ನವರಾತ್ರಿಯಲ್ಲಿ ಇದೇ ಅಂಗಳದಲ್ಲಿ ಶಾರದೆಯೊಡನೆ ನವದುರ್ಗೆಯರ ಮಣ್ಣಿನ ಮೂರ್ತಿಗಳು ಕೂರುತ್ತವೆ. ಮಳೆ ಹಿಂದೆಗೆದು ಬಿಸಿಲು ಮೂಡುವ ಆ ದಿನಗಳಲ್ಲಿ ಕುದ್ರೋಳಿಯ ಸುತ್ತಿನ ಮನೆಗಳ ಹಗ್ಗಗಳ ಮೇಲೆ ಗಂಜಿ ಹಾಕಿದ ಬಿಳಿಯ ಪಂಚೆಗಳು ಒಣಗುತ್ತವೆ. ಇನ್ನೊಂದು ಕಡೆ ಹುಲಿವೇಷದವರು, ಮೈಗೆ ಬಳಿದ ಹಳದಿ ಕಪ್ಪು ಬಣ್ಣ ಒಣಗುವ ತನಕ, ಕೋಲುಗಳನ್ನು ಹಿಡಿದು ತೋಳು ಚಾಚಿ, ಮೈ ಮಡಚದೆ ಗಂಟೆಗಟ್ಟಲೆ ನಿಂತಿರುತ್ತಾರೆ. ಬಣ್ಣ ಒಣಗಿ ತಾಸೆಯ ಪೆಟ್ಟು ಬಿದ್ದೊಡನೆ ಅದೇ ಮೈ ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ. ಶೋಭಾಯಾತ್ರೆ ಊರಿನ ಮುಖ್ಯ ಬೀದಿಗಳಲ್ಲಿ ರಾತ್ರಿಯಿಡೀ ಸಾಗಿ ಬೆಳಗಿನ ಜಾವ ದೇವಾಲಯಕ್ಕೆ ಮರಳುವ ಹೊತ್ತಿಗೆ, ಸಂಜೆ ಗರಿಗರಿಯಾಗಿದ್ದ ಪಂಚೆಗಳೆಲ್ಲ ಬೆವರಿಗೂ ಇಬ್ಬನಿಗೂ ತೋಯ್ದು ಮೈಗೆ ಅಂಟಿಕೊಂಡಿರುತ್ತವೆ. ಮೂರ್ತಿಗಳು ಪುಷ್ಕರಿಣಿಯ ನೀರಿಗಿಳಿದು ಮಣ್ಣು ಕರಗತೊಡಗುತ್ತದೆ. ಮನೆಗೆ ಹೋದವರು ಪಂಚೆ ಬಿಚ್ಚಿ ಬಾಲ್ದಿಯ ನೀರಿಗೆ ಹಾಕುತ್ತಾರೆ. ಗಂಜಿ ಬಿಟ್ಟು ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಒಲೆಯ ಮೇಲೆ ಅಂದಿನ ಅನ್ನದ ತೆಳಿ ಬಸಿಯುತ್ತಿರುತ್ತದೆ.